ರಾಜರ ಆಳ್ವಿಕೆ ಹೋದದ್ದು ಹೇಗೆ?

ಸಂಜೆ ಹೊತ್ತು. ಹೊರಗೆ ಜಡಿಮಳೆ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಲೈನು ಮನೆಗಳ ಪಕ್ಕದ ಕೋಣೆಯಲ್ಲಿ ಕಲಿಕಾ ಕೇಂದ್ರ ನಡೆಯುತ್ತಿದೆ. ಅಂದಿನ ಪಾಠದಲ್ಲಿ 'ರಾಜ' ಎಂಬ ಪದ ಬಂತು. ರಕಾರಕ್ಕೆ ದೀರ್ಘ, ಜೊತೆಗೆ ಜಕಾರ. ಒಬ್ಬ ಅಜ್ಜಿ ಅದನ್ನು ಕೂಡಿಸಿ ಓದಿದರು. ಓದಿ ಸುಮ್ಮನಾಗಲಿಲ್ಲ.

"ಟೀಚರಮ್ಮ, ನಮ್ಮವ್ವ ಮಹಾರಾಜ್ರ ಕಾಲ ಅಂತ ಹೇಳ್ತಿದ್ಲು. ಆ ರಾಜ್ರು ಎಲ್ಲಿಗೆ ಹೋದ್ರು? ಯಾರಾದ್ರೂ ಯುದ್ಧ ಮಾಡಿ ಓಡಿಸಿದ್ರಾ?"

"ಇಲ್ಲ ಅಜ್ಜಿ. ಯುದ್ಧ ಆಗಲಿಲ್ಲ. ಜನ ಎದ್ದು ನಿಂತರು. ರಾಜರು ಅಧಿಕಾರ ಬಿಟ್ಟುಕೊಟ್ಟರು."

"ಕೈಯಲ್ಲಿ ಕತ್ತಿ ಇಲ್ಲದ ಜನ ರಾಜನ್ನ ಇಳಿಸೋದು ಅಂದ್ರೆ ಹೆಂಗೆ?"

ಒಳ್ಳೆಯ ಪ್ರಶ್ನೆ. ಬನ್ನಿ, ನಾವೂ ತಿಳಿಯೋಣ.

ಘಾಟಿ ಮೇಲೆ ಒಂದು ಸೀಮೆ, ಕೆಳಗೆ ಒಂದು ಸೀಮೆ

ನಮ್ಮ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದು ಹೆಸರು. ಊರಿನ ಹತ್ತಿರ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಇದೆ. ನಕ್ಷತ್ರದ ಹಾಗೆ ಎಂಟು ಮೂಲೆ. ಅದನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ. ಅದಕ್ಕೂ ಮೊದಲು ಈ ಸೀಮೆಯನ್ನು ಬಲಂ ಪಾಳೆಯಗಾರರು ಆಳುತ್ತಿದ್ದರು. ಐಗೂರು ಅವರ ಊರು. 1799ರಲ್ಲಿ ಟಿಪ್ಪು ಯುದ್ಧದಲ್ಲಿ ಸತ್ತ. ಆಗ ಇಂಗ್ಲಿಷರ ಕಂಪನಿಯವರು ಮೈಸೂರು ಸೀಮೆಯನ್ನು ಒಡೆಯರ ವಂಶಕ್ಕೆ ಕೊಟ್ಟರು. ಬಲಂ ಪಾಳೆಯಗಾರ ಇದಕ್ಕೆ ತಲೆಬಾಗಲಿಲ್ಲ. 1802ರಲ್ಲಿ ಕಂಪನಿಯ ಸೈನ್ಯ ಅವನನ್ನು ಹಿಡಿದು ಗಲ್ಲಿಗೇರಿಸಿತು. ಆಮೇಲೆ ನಮ್ಮ ಬೆಟ್ಟಗಳು ಮೈಸೂರು ರಾಜ್ಯದಲ್ಲೇ ಉಳಿದವು.

ನಮ್ಮ ಸೀಮೆ ಮೈಸೂರು ರಾಜ್ಯದ ಗಡಿ. ಶಿರಾಡಿ ಘಾಟಿ ಇಳಿದರೆ ರಾಜ್ಯ ಮುಗಿಯಿತು. ಕೆಳಗಿನ ಪುತ್ತೂರು, ಮಂಗಳೂರು ಎಲ್ಲ ಮದ್ರಾಸ್ ಪ್ರಾಂತ್ಯ. ಅಲ್ಲಿ ರಾಜರಿರಲಿಲ್ಲ. ಇಂಗ್ಲಿಷರ ಕಾಲದಲ್ಲೇ ಅಲ್ಲಿ ಚುನಾವಣೆ ನಡೆದು, ಗೆದ್ದವರು ಮಂತ್ರಿಗಳಾಗಿದ್ದರು.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಘಾಟಿ ಕೆಳಗೂ ಬಾವುಟ ಹಾರಿತು, ಮೇಲೂ ಹಾರಿತು. ಆದರೆ ಒಂದು ವ್ಯತ್ಯಾಸ ಇತ್ತು. ಕೆಳಗೆ ಜನ ಆರಿಸಿದ ಸರ್ಕಾರ. ಮೇಲೆ, ನಮ್ಮಲ್ಲಿ, ಮಹಾರಾಜರು ನೇಮಿಸಿದ ದಿವಾನರ ಸರ್ಕಾರ. ಇಂಗ್ಲಿಷರು ಹೊರಟರು. ಆದರೆ ನಮ್ಮನ್ನು ಯಾರು ಆಳಬೇಕು ಎಂದು ನಮ್ಮನ್ನು ಯಾರೂ ಕೇಳಲಿಲ್ಲ.

ರಾಜನ ಬಲ ಎಲ್ಲಿತ್ತು?

ಸಕಲೇಶ್ವರ ಸ್ವಾಮಿಯ ತೇರನ್ನು ನೋಡಿದ್ದೀರಿ. ಎಷ್ಟು ಎತ್ತರ! ಎಷ್ಟು ಭಾರ! ಆದರೆ ಅದು ತಾನೇ ನಡೆಯುವುದಿಲ್ಲ. ಜನ ಹಗ್ಗ ಹಿಡಿದು ಎಳೆಯಬೇಕು. ಒಬ್ಬ ಹಗ್ಗ ಬಿಟ್ಟರೆ ತೇರು ನಿಲ್ಲುವುದಿಲ್ಲ. ಹತ್ತು ಜನ ಬಿಟ್ಟರೂ ನಿಲ್ಲುವುದಿಲ್ಲ. ಎಲ್ಲರೂ ಒಟ್ಟಿಗೆ ಬಿಟ್ಟರೆ? ತೇರು ನಿಂತಲ್ಲೇ ನಿಲ್ಲುತ್ತದೆ.

ರಾಜನ ಸರ್ಕಾರವೂ ಹಾಗೆಯೇ. ರಾಜ ಒಬ್ಬ. ಅವನು ಊರೂರಿಗೆ ಬಂದು ಕಂದಾಯ ಎತ್ತುವುದಿಲ್ಲ. ಶಾನುಭೋಗ ಲೆಕ್ಕ ಬರೆಯುತ್ತಾನೆ. ಪಟೇಲ ವಸೂಲಿ ಮಾಡುತ್ತಾನೆ. ಅಮಲ್ದಾರ ಹುಕುಂ ಹೊರಡಿಸುತ್ತಾನೆ. ಪೋಲೀಸಿನವನು ಲಾಠಿ ಹಿಡಿಯುತ್ತಾನೆ. ರೈತ ಬೆಳೆದು ಕಂದಾಯ ಕಟ್ಟುತ್ತಾನೆ. ಇವರೆಲ್ಲ 'ಆಯ್ತು ಸ್ವಾಮಿ' ಅಂದರೆ ರಾಜ್ಯ ನಡೆಯುತ್ತದೆ. ಇವರೆಲ್ಲ 'ಆಗೋದಿಲ್ಲ' ಅಂದರೆ ಸಿಂಹಾಸನ ಬರೀ ಕುರ್ಚಿ.

ಹಾಗಾದರೆ ಜನ ಯಾಕೆ ಬೇಗ ಹಗ್ಗ ಬಿಡುವುದಿಲ್ಲ? ಭಯ. 'ನಾನೊಬ್ಬ ಬಿಟ್ಟರೆ ನನಗೊಬ್ಬನಿಗೇ ಏಟು' ಎಂಬ ಭಯ. ಆದ್ದರಿಂದ ಮೊದಲು ಬೇಕಾದದ್ದು ಕತ್ತಿಯಲ್ಲ. ಕೂಡಿ ಮಾತಾಡುವುದು. 'ನನ್ನ ಕಷ್ಟವೇ ಅವನ ಕಷ್ಟ' ಎಂದು ತಿಳಿಯುವುದು. ಕ್ರಾಂತಿ ಎಂದರೆ ಇಲ್ಲಿಂದ ಶುರು.

ರಾಜ ಇಳಿದ, ಕಂಪನಿ ಕೂತಿತು

ಮೈಸೂರು ಸೀಮೆಯ ಜನ ಒಮ್ಮೆ ಹೀಗೆ ಎದ್ದಿದ್ದರು. ಅದು 1830ರ ಮಾತು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. 'ಇಷ್ಟು ಹಣ ವಸೂಲಿ ಮಾಡಿ ಕೊಡುತ್ತೇನೆ' ಎಂದು ಅಮಲ್ದಾರರು ಸರ್ಕಾರಕ್ಕೆ ಷರತ್ತು ಬರೆದುಕೊಡಬೇಕಿತ್ತು. ಕೊಟ್ಟ ಮಾತು ಉಳಿಸಿಕೊಳ್ಳಲು ರೈತರನ್ನು ಹಿಂಡಿದರು. ಬೆಳೆಗೆ ಬೆಲೆ ಬಿದ್ದಿತ್ತು. ಕಂದಾಯ ಇಳಿಯಲಿಲ್ಲ.

ನಗರ ಸೀಮೆಯ ರೈತರು ಕೂಟ ಸೇರಿದರು. ನಗರ ಸೀಮೆ ಎಂದರೆ ಇಂದಿನ ಶಿವಮೊಗ್ಗದ ಕಡೆ. ನಮ್ಮ ಹಾಗೆಯೇ ಮಲೆನಾಡು. ಅಲ್ಲಿಯ ರೈತರು ಊರಿಂದೂರಿಗೆ ಕಾಗದ ಕಳಿಸಿದರು. ಕಂದಾಯ ಕೊಡುವುದಿಲ್ಲ ಎಂದರು. ಕೂಟ ದಂಗೆಯಾಯಿತು. ಬೂದಿ ಬಸಪ್ಪ ಎಂಬವನು 'ನಗರದ ಗಾದಿ ನನ್ನದು' ಎಂದು ಮುಂದೆ ಬಂದ. ರಾಜರ ಸೈನ್ಯದಿಂದ ದಂಗೆ ಅಡಗಲಿಲ್ಲ. ಕಂಪನಿಯ ಸೈನ್ಯ ಬಂದು ಅಡಗಿಸಿತು.

ಆಮೇಲೆ ಏನಾಯಿತು? 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಅವರ ಕೈಯಿಂದ ಆಡಳಿತ ಕಿತ್ತುಕೊಂಡ. ರಾಜರಿಗೆ ಹೆಸರು ಉಳಿಯಿತು, ಅಧಿಕಾರ ಹೋಯಿತು. ಆ ಅಧಿಕಾರ ಜನರಿಗೆ ಬಂತೇ? ಇಲ್ಲ. ಇಂಗ್ಲಿಷ್ ಕಮಿಷನರ ಕೈಗೆ ಹೋಯಿತು. ಐವತ್ತು ವರ್ಷ ಅವರೇ ಆಳಿದರು. 1881ರಲ್ಲಿ ಮತ್ತೆ ಒಡೆಯರಿಗೆ ಕೊಟ್ಟರು.

ಇಲ್ಲಿ ಒಂದು ಪಾಠ ಇದೆ. ಹಗ್ಗ ಬಿಟ್ಟು ತೇರು ನಿಲ್ಲಿಸಿದರೆ ಸಾಲದು. ಮುಂದೆ ತೇರು ಯಾವ ಕಡೆ ಹೋಗಬೇಕು ಎಂಬುದನ್ನೂ ಜನವೇ ಯೋಚಿಸಿರಬೇಕು. ಇಲ್ಲದಿದ್ದರೆ ಇಳಿದವನ ಜಾಗಕ್ಕೆ ಇನ್ನೊಬ್ಬ ಹತ್ತಿ ಕೂರುತ್ತಾನೆ.

ಒಳ್ಳೆಯ ರಾಜ ಇದ್ದರೆ ಸಾಲದೇ?

ಅಜ್ಜಿ ನಡುವೆ ಬಾಯಿ ಹಾಕಿದರು. "ಆದ್ರೆ ಟೀಚರಮ್ಮ, ನಾಲ್ವಡಿಯವರು ದೇವರಂಥ ರಾಜರು ಅಂತಾರಲ್ಲ. ಅಂಥೋರನ್ನ ಯಾಕೆ ಬೇಡ ಅನ್ನಬೇಕು?"

ಇದನ್ನೂ ಮುಚ್ಚುಮರೆ ಇಲ್ಲದೆ ಮಾತಾಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕನ್ನಂಬಾಡಿ ಕಟ್ಟೆ ಎದ್ದಿತು. ಬೆಂಗಳೂರಿಗೆ 1905ರಲ್ಲೇ ವಿದ್ಯುತ್ ದೀಪ ಬಂತು. ಶಾಲೆಗಳು ಹೆಚ್ಚಿದವು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಜಾಗ ಬೇಕು ಎಂಬ ಮಾತಿಗೆ ಮಹಾರಾಜರು ಬೆಂಬಲ ಕೊಟ್ಟರು. ಜನ ಇದನ್ನು ಮರೆತಿಲ್ಲ. ಮರೆಯಬೇಕಾಗಿಯೂ ಇಲ್ಲ.

ಪ್ರಜೆಗಳ ಒಂದು ಸಭೆಯೂ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅದನ್ನು ಶುರು ಮಾಡಿದರು. ಅದರ ಹೆಸರು ಪ್ರಜಾಪ್ರತಿನಿಧಿ ಸಭೆ. ಆದರೆ ಅಲ್ಲಿ ಯಾರು ಕೂರುತ್ತಿದ್ದರು? ಹೆಚ್ಚು ಕಂದಾಯ ಕಟ್ಟುವವರು, ವ್ಯಾಪಾರಿಗಳು, ಓದಿದವರು. ನಮ್ಮ ಮಂಜರಾಬಾದಿನ ಕಾಫಿ ತೋಟದ ಬಿಳಿ ದೊರೆ ಎಲಿಯಟ್ ಕೂಡ 1890ರ ಸುಮಾರಿಗೆ ಆ ಸಭೆಯಲ್ಲಿದ್ದರು. ಅವರ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸಿಗೆ ಅಲ್ಲಿ ಜಾಗ ಇರಲಿಲ್ಲ. ಸಭೆಯವರು ಕಷ್ಟ ಹೇಳಿಕೊಳ್ಳಬಹುದಿತ್ತು. ಕೊನೆಯ ತೀರ್ಮಾನ ಮಹಾರಾಜರದು, ದಿವಾನರದು.

ವ್ಯತ್ಯಾಸ ಇಲ್ಲಿದೆ. ಒಳ್ಳೆಯ ರಾಜ ಕೊಟ್ಟದ್ದು ದಯೆ. ದಯೆಯನ್ನು ಕೇಳಿ ಪಡೆಯಬೇಕು. ಕೊಡದಿದ್ದರೆ ಸುಮ್ಮನಿರಬೇಕು. ಹಕ್ಕು ಹಾಗಲ್ಲ. ಹಕ್ಕು ನಮ್ಮದೇ. ಇಂದಿನ ರಾಜ ಒಳ್ಳೆಯವನು, ಸರಿ. ನಾಳಿನವನು ಹೇಗೋ? ಕೆಟ್ಟವನಾದರೆ ಬದಲಾಯಿಸುವ ದಾರಿ ಇರಲಿಲ್ಲ.

ಅದಕ್ಕೇ ಜನ ಒಂದು ಬೇಡಿಕೆ ಇಟ್ಟರು: 'ಜವಾಬ್ದಾರಿ ಸರ್ಕಾರ ಬೇಕು.' ಅಂದರೆ ಜನರಿಗೆ ಲೆಕ್ಕ ಒಪ್ಪಿಸುವ ಸರ್ಕಾರ.

ಭಯ ಬಿಟ್ಟ ಊರುಗಳು

1938ರ ಏಪ್ರಿಲ್. ಮದ್ದೂರಿನ ಹತ್ತಿರ ಶಿವಪುರ. ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಸಭೆ. ಬಾವುಟ ಹಾರಿಸಬಾರದು ಎಂದು ಸರ್ಕಾರ ಹೇಳಿತ್ತು. ಜನ ಹಾರಿಸಿದರು. ಟಿ. ಸಿದ್ದಲಿಂಗಯ್ಯ ಮುಂತಾದವರನ್ನು ಬಂಧಿಸಿದರು. ಅದೇ ತಿಂಗಳು 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಪೋಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ನೆನಪಿಡಿ, ಆಗ ರಾಜರು ನಾಲ್ವಡಿಯವರೇ. ಒಳ್ಳೆಯ ರಾಜರ ಕಾಲದಲ್ಲೂ ಕೇಳಿದ ಜನರ ಮೇಲೆ ಗುಂಡು ಬಿತ್ತು.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು 'ನಮ್ಮೂರು ಸ್ವತಂತ್ರ' ಎಂದು ಸಾರಿದರು. ಹುಡುಗರನ್ನೇ ಅಮಲ್ದಾರ, ಪೋಲೀಸು ಅಧಿಕಾರಿ ಎಂದು ಮಾಡಿದರು. ನಿಜವಾದ ಅಮಲ್ದಾರರು ಪೋಲೀಸರೊಂದಿಗೆ ಊರಿಗೆ ಬಂದರು. ಜಗಳ ಹತ್ತಿತು. ಅಮಲ್ದಾರರೂ ಪೋಲೀಸು ಅಧಿಕಾರಿಯೂ ಕೊಲೆಯಾದರು. ಆಮೇಲೆ ಸರ್ಕಾರ ಊರಿನ ಮೇಲೆ ಬಿತ್ತು. 1943ರ ಮಾರ್ಚಿನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು.

ಈಸೂರಿನವರ ಧೈರ್ಯ ದೊಡ್ಡದು. ಆದರೆ ಒಂದೇ ಊರು ಎದ್ದರೆ ಸರ್ಕಾರ ಅದನ್ನು ಸುತ್ತುವರಿದು ಅಡಗಿಸಬಹುದು. ರಕ್ತ ಬಿದ್ದರೆ ಗುಂಡು ಹಾರಿಸಲು ಅದೇ ನೆಪ. ನೂರಾರು ಊರು ಒಟ್ಟಿಗೆ, ಕೈಯೆತ್ತದೆ, ಎದ್ದರೆ? ಎಷ್ಟು ಊರನ್ನು ಸುತ್ತುವರಿಯುವುದು? ಎಷ್ಟು ಜನರನ್ನು ಜೈಲಿಗೆ ತುಂಬುವುದು? ಈ ಪಾಠ ಮುಂದೆ ಕೆಲಸಕ್ಕೆ ಬಂತು.

ಮೈಸೂರು ಚಲೋ

ಆಗ ಮಹಾರಾಜರು ಜಯಚಾಮರಾಜ ಒಡೆಯರು. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1947ರ ಆಗಸ್ಟಿನಲ್ಲಿ ಮಹಾರಾಜರು ಮೈಸೂರು ರಾಜ್ಯವನ್ನು ಭಾರತಕ್ಕೆ ಸೇರಿಸಲು ಸಹಿ ಹಾಕಿದರು. ಆದರೆ ರಾಜ್ಯದ ಒಳಗಿನ ಅಧಿಕಾರ ಬಿಟ್ಟುಕೊಡಲಿಲ್ಲ.

ಕೋಲಾರ ಜಿಲ್ಲೆಯ ಕೆ.ಸಿ. ರೆಡ್ಡಿ ಚಳವಳಿಯ ಮುಂದಾಳು. ಸೆಪ್ಟೆಂಬರ್ 1ರಂದು ಸತ್ಯಾಗ್ರಹ ಶುರುವಾಯಿತು. 'ಮೈಸೂರು ಚಲೋ' ಎಂಬುದೇ ಕೂಗು. ಅಂದರೆ 'ಮೈಸೂರಿಗೆ ನಡೆಯಿರಿ, ಅರಮನೆ ಮುಂದೆ ಕೂರೋಣ.' ದಿವಾನರ ಮೇಲಿನ ಸಿಟ್ಟಿಗೆ 'ಆರ್ಕಾಟ್ ಬಾಯ್ಕಾಟ್' ಎಂದೂ ಜನ ಕೂಗಿದರು. ಬಾಯ್ಕಾಟ್ ಎಂದರೆ ಬಹಿಷ್ಕಾರ.

ಮುಖಂಡರನ್ನು ಸರ್ಕಾರ ಹಿಡಿದು ಜೈಲಿಗೆ ಹಾಕಿತು. ಒಬ್ಬ ಮುಖಂಡ ಜೈಲಿಗೆ ಹೋದರೆ ಇನ್ನೊಬ್ಬ ಮುಂದೆ ಬಂದ. ವಿದ್ಯಾರ್ಥಿಗಳು ಶಾಲೆ ಬಿಟ್ಟು ಬೀದಿಗೆ ಬಂದರು. ಕಾರ್ಖಾನೆ ಕೆಲಸಗಾರರು ಕೆಲಸ ನಿಲ್ಲಿಸಿದರು. ಅಂಗಡಿಗಳು ಮುಚ್ಚಿದವು. ಹೆಂಗಸರೂ ಮೆರವಣಿಗೆ ಹೊರಟರು. ಗಡಿಯಾಚೆಯ ಮದ್ರಾಸ್, ಬೊಂಬಾಯಿ ಪ್ರಾಂತ್ಯದ ನೆಲದಲ್ಲಿ ಚಳವಳಿಗಾರರು ಶಿಬಿರ ಹಾಕಿದರು. ಅಲ್ಲಿ ಮೈಸೂರು ಪೋಲೀಸರ ಕೈ ತಲುಪುತ್ತಿರಲಿಲ್ಲ.

ಮೈಸೂರು ನಗರದಲ್ಲಿ ಮೆರವಣಿಗೆಯ ಮೇಲೆ ಗುಂಡು ಹಾರಿತು. ರಾಮಸ್ವಾಮಿ ಎಂಬ ಹೈಸ್ಕೂಲು ಹುಡುಗ ಸತ್ತ. ಅವನು ಬಿದ್ದ ಜಾಗಕ್ಕೆ ರಾಮಸ್ವಾಮಿ ವೃತ್ತ ಎಂದು ಹೆಸರು. ಮೈಸೂರಿಗೆ ಹೋದವರು ಆ ಹೆಸರನ್ನು ಬಸ್ಸಿನಲ್ಲಿ ಕೇಳಿರುತ್ತೀರಿ. ಇನ್ನೊಮ್ಮೆ ಹೋದಾಗ ಆ ಹುಡುಗನನ್ನು ನೆನೆಯಿರಿ.

ಗುಂಡು ಹಾರಿದ ಮೇಲೆ ಜನ ಮನೆ ಸೇರಬೇಕಿತ್ತು. ಸೇರಲಿಲ್ಲ. ಇದೇ ತಿರುವು. ಗುಂಡಿಗೂ ಜನ ಹೆದರದಿದ್ದರೆ ಸರ್ಕಾರದ ಕೈಯಲ್ಲಿ ಬೇರೆ ಆಯುಧ ಉಳಿಯುವುದಿಲ್ಲ. ದೆಹಲಿಯಲ್ಲಿ ಇಂಗ್ಲಿಷರೂ ಇರಲಿಲ್ಲ. 1831ರಲ್ಲಿ ಬಂದ ಹಾಗೆ ಹೊರಗಿನ ಸೈನ್ಯ ಬಂದು ಜನರನ್ನು ಅಡಗಿಸುವ ಹಾಗಿರಲಿಲ್ಲ.

ಚಳವಳಿ ಶುರುವಾಗಿ ಒಂದು ತಿಂಗಳು ತುಂಬುವುದರೊಳಗೆ ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಮಾತುಕತೆ ನಡೆಯಿತು. 1947ರ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಮುಂತಾದವರು ಮಂತ್ರಿಗಳಾದರು. ಕೆಲವೇ ವಾರ ಹಿಂದೆ ಜೈಲಿನಲ್ಲಿದ್ದವರು ವಿಧಾನ ನಡೆಸುವ ಕುರ್ಚಿಯಲ್ಲಿ ಕೂತರು.

ಮಹಾರಾಜರಿಗೆ ಯಾರೂ ಕೈ ಮಾಡಲಿಲ್ಲ. 1950ರ ಜನವರಿ 26ರಂದು ದೇಶಕ್ಕೆ ಸಂವಿಧಾನ ಬಂತು. ಅವರು ರಾಜಪ್ರಮುಖರಾದರು. 1956ರಲ್ಲಿ ಕನ್ನಡ ಸೀಮೆಗಳು ಕೂಡಿದಾಗ ಹೊಸ ಮೈಸೂರು ರಾಜ್ಯದ ರಾಜ್ಯಪಾಲರಾದರು. ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಸಿಗುತ್ತಿತ್ತು. 1971ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಮಾಡಿ ದೇಶದ ಎಲ್ಲ ರಾಜರ ರಾಜಧನವನ್ನೂ ನಿಲ್ಲಿಸಿದರು.

ಬೇರೆ ದೇಶಗಳಲ್ಲಿ

ನಮ್ಮಲ್ಲಿ ಮಾತ್ರ ಹೀಗೆ ಆಗಿದ್ದಲ್ಲ. 1789ರಲ್ಲಿ ಫ್ರಾನ್ಸಿನ ಜನ ಎದ್ದರು. ಬ್ರೆಡ್ಡಿಗೆ ವಿಪರೀತ ಬೆಲೆ, ಬಡವರ ಮೇಲೆ ತೆರಿಗೆ. 1793ರಲ್ಲಿ ರಾಜನ ತಲೆ ಕಡಿದರು. ಆದರೆ 1804ರಲ್ಲಿ ಸೇನಾಪತಿ ನೆಪೋಲಿಯನ್ ತಾನೇ ಚಕ್ರವರ್ತಿ ಎಂದು ಕಿರೀಟ ಇಟ್ಟುಕೊಂಡ.

1917ರಲ್ಲಿ ರಷ್ಯಾದ ರಾಜಧಾನಿಯಲ್ಲಿ ಗಿರಣಿ ಹೆಂಗಸರು ಬ್ರೆಡ್ ಬೇಕು ಎಂದು ಬೀದಿಗೆ ಇಳಿದರು. ಗುಂಡು ಹಾರಿಸಿ ಎಂದು ಹುಕುಂ ಬಂತು. ಮೊದಲು ಹಾರಿಸಿದ ಸೈನಿಕರೇ ಆಮೇಲೆ ಆಗುವುದಿಲ್ಲ ಎಂದು ಜನರ ಕಡೆ ಸೇರಿದರು. ಕೆಲವೇ ದಿನಗಳಲ್ಲಿ ಚಕ್ರವರ್ತಿ ಗಾದಿ ಬಿಟ್ಟ.

ನಮ್ಮ ಪಕ್ಕದ ನೇಪಾಳ ನೋಡಿ. 2006ರಲ್ಲಿ ಅಲ್ಲಿಯ ಜನ 19 ದಿನ ಬೀದಿಯಲ್ಲಿ ನಿಂತರು. ರಾಜ ಬಗ್ಗಿದ. ಜನ ಆರಿಸಿದ ಸಭೆ 2008ರ ಮೇ 28ರಂದು 'ಇನ್ನು ರಾಜ ಇಲ್ಲ' ಎಂದು ತೀರ್ಮಾನ ಮಾಡಿತು.

ಕಾರಣ ಬೇರೆ, ಭಾಷೆ ಬೇರೆ. ಆದರೆ ನಡೆದ ರೀತಿ ಒಂದೇ. ಕಷ್ಟ ಎಲ್ಲರದಾಗುತ್ತದೆ. ಜನ ಕೂಡುತ್ತಾರೆ. ಭಯ ಬಿಡುತ್ತಾರೆ. ವಿಧೇಯತೆ ನಿಲ್ಲುತ್ತದೆ. ಹುಕುಂ ನಡೆಸುವವರೂ ಹಿಂದೆಮುಂದೆ ನೋಡುತ್ತಾರೆ. ಸಿಂಹಾಸನ ಖಾಲಿಯಾಗುತ್ತದೆ. ಆಗ ಬರುತ್ತದೆ ದೊಡ್ಡ ಪ್ರಶ್ನೆ: ಖಾಲಿ ಜಾಗದಲ್ಲಿ ಯಾರು ಕೂರುತ್ತಾರೆ?

ಈಗ ಹಗ್ಗ ಯಾರ ಕೈಯಲ್ಲಿ?

1951–52ರಲ್ಲಿ ಮೊದಲ ಮಹಾ ಚುನಾವಣೆ ನಡೆಯಿತು. 21 ವರ್ಷ ತುಂಬಿದ ಎಲ್ಲರಿಗೂ ಓಟು. ಗಂಡಿಗೂ ಒಂದು, ಹೆಣ್ಣಿಗೂ ಒಂದು. ತೋಟದ ಮಾಲೀಕನಿಗೂ ಒಂದು, ಕೆಲಸದವಳಿಗೂ ಒಂದು. ಈಗ 18 ತುಂಬಿದರೆ ಓಟು. ಸಕಲೇಶಪುರ ವಿಧಾನಸಭಾ ಕ್ಷೇತ್ರದಲ್ಲಿ ಆಲೂರಿನವರೂ ಸೇರಿದ್ದಾರೆ. 2008ರಿಂದ ಅದು ಪರಿಶಿಷ್ಟ ಜಾತಿಗೆ ಮೀಸಲು. ಪ್ರಜಾಪ್ರತಿನಿಧಿ ಸಭೆಯಲ್ಲಿ ತೋಟದ ದೊರೆ ಕೂತಿದ್ದ ಸೀಮೆ ಇದೇ. ಎಷ್ಟು ದೂರ ಬಂದಿದ್ದೇವೆ ನೋಡಿ.

ಆದರೆ ಎಲ್ಲ ಮುಗಿಯಿತೇ? ಇಲ್ಲ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾನೂನನ್ನು ಬಿಗಿ ಮಾಡಿತು. ಗೇಣಿ ಮಾಡುತ್ತಿದ್ದ ಎಷ್ಟೋ ರೈತರು ತಾವು ಉಳುವ ಗದ್ದೆಗೆ ಒಡೆಯರಾದರು. ಆದರೆ ಕಾಫಿ, ಏಲಕ್ಕಿ ತೋಟಗಳನ್ನು ಆ ಕಾನೂನಿನಿಂದ ಹೊರಗೆ ಇಟ್ಟಿದ್ದರು. ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ಎಷ್ಟೋ ಜನರಿಗೆ ಓಟು ಬಂತು, ತುಂಡು ಭೂಮಿ ಬರಲಿಲ್ಲ.

ಸಣ್ಣ ಸಣ್ಣ ರಾಜರು ಇನ್ನೂ ಇದ್ದಾರೆ. 'ಇಲ್ಲಿ ಹೆಬ್ಬೆಟ್ಟು ಒತ್ತು, ಏನಂತ ಕೇಳಬೇಡ' ಎನ್ನುವವನು ಒಬ್ಬ ರಾಜ. ಐನೂರು ರೂಪಾಯಿ ಕೊಟ್ಟು ಓಟು ಕೊಳ್ಳುವವನು ಒಬ್ಬ ರಾಜ. ಪಂಚಾಯಿತಿ ಸದಸ್ಯೆಯನ್ನು ಮನೆಯಲ್ಲಿ ಕೂರಿಸಿ ತಾನು ಸಭೆಗೆ ಹೋಗುವ ಗಂಡನೂ ಒಬ್ಬ ರಾಜ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಜಾಗ ಹೆಂಗಸರಿಗೆ ಮೀಸಲು. ಜಾಗ ನಮ್ಮದು. ಕೂರಬೇಕಾದವರೂ ನಾವೇ.

ಈ ರಾಜರನ್ನು ಇಳಿಸಲು ಮೈಸೂರಿಗೆ ನಡೆಯಬೇಕಿಲ್ಲ. ಗ್ರಾಮಸಭೆಗೆ ನಡೆದರೆ ಸಾಕು. ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಬೇಕು ಎಂದು ಕಾನೂನಿದೆ. ಅಲ್ಲಿ ಲೆಕ್ಕ ಕೇಳಬಹುದು. ಕೊಟ್ಟ ಲೆಕ್ಕವನ್ನು ಓದಬಹುದು. ಓದಲು ಬಂದರೆ ಮೋಸ ಮಾಡುವುದು ಕಷ್ಟ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸ್ಲೇಟು ತೆಗೆದುಕೊಂಡರು. 'ರಾಜ' ಎಂದು ಬರೆದಿದ್ದನ್ನು ಸೆರಗಿನಲ್ಲಿ ಒರೆಸಿದರು.

"ಟೀಚರಮ್ಮ, 'ಪ್ರಜೆ' ಅಂತ ಹೆಂಗೆ ಬರೀಬೇಕು, ತೋರ್ಸು."

"ಪಕಾರಕ್ಕೆ ಕೆಳಗೆ ರಕಾರದ ಒತ್ತು, ಅಜ್ಜಿ."

ಅಜ್ಜಿ ಬರೆದರು. ಒತ್ತು ಸ್ವಲ್ಪ ಸೊಟ್ಟಗಾಯಿತು. ಓದಲು ಬರುತ್ತಿತ್ತು.

ಯೋಚಿಸಿ, ಮಾತಾಡಿ

1. 1831ರಲ್ಲಿ ರಾಜರ ಅಧಿಕಾರ ಹೋಯಿತು. 1947ರಲ್ಲೂ ಹೋಯಿತು. ಎರಡಕ್ಕೂ ಏನು ವ್ಯತ್ಯಾಸ?

2. ದಯೆಗೂ ಹಕ್ಕಿಗೂ ಏನು ವ್ಯತ್ಯಾಸ? ನಿಮ್ಮ ಊರಿನಿಂದ ಒಂದೊಂದು ಉದಾಹರಣೆ ಹೇಳಿ.

3. ನಿಮ್ಮ ಪಂಚಾಯಿತಿಯ ಗ್ರಾಮಸಭೆ ಕಳೆದ ಸಲ ಯಾವಾಗ ನಡೆಯಿತು? ನೀವು ಹೋಗಿದ್ದಿರಾ? ಮುಂದಿನ ಸಲ ಏನು ಕೇಳುತ್ತೀರಿ? ಒಂದು ವಾಕ್ಯದಲ್ಲಿ ಬರೆಯಿರಿ.